ದೇವರ ಪಾಲಿನ ಎರಿ

ಶ್ರಾವಣದ ಆ ಮುಂಜಾನೆ ದೊಡವಾಡದ ಮೇಲೆ ಮೋಡ ಕವಿದಿತ್ತು. ಜಿಟಿಜಿಟಿ ಮಳೆ ಆಗಷ್ಟೇ ಬಿಟ್ಟಿತ್ತು. ರಾಚವ್ವ ಹಿತ್ತಲಿನ ಜೇನುಪೆಟ್ಟಿಗೆಗೆ ಕೈಮುಗಿದು ನಿಂತಿದ್ದಳು. ಇದ್ದ ಎರಡು ಪೆಟ್ಟಿಗೆಗಳಲ್ಲಿ ಒಂದರ ಜೇನು ಹೋದ ವಾರವೇ ಹಾರಿಹೋಗಿತ್ತು. ಈಗ ಇದರ ಸದ್ದೂ ಸಣ್ಣಗಾಗಿತ್ತು. ಹೊಲದಲ್ಲಿ ಸೂರ್ಯಕಾಂತಿ ಮೊಗ್ಗು ಬಿಟ್ಟಿತ್ತು. ಜೇನಿಲ್ಲದಿದ್ದರೆ ಕಾಳೆಲ್ಲ ಜೊಳ್ಳು.

ಜೇನುಸಾಕಣೆಯ ತರಬೇತಿ ಪಡೆದಿದ್ದ ನೆರೆಮನೆಯ ದಿಲಶಾದಬಿ ಬಂದು ಮುಚ್ಚಳ ತೆಗೆದಳು. ಅಂಚಿನಲ್ಲಿ ಜೇನು ಕಟ್ಟಿದ್ದ ಮೇಣದ ಹುಟ್ಟು, ಆ ಕರಿ ಎರಿಯ ತುಂಬ ಬಿಳಿ ಬಲೆ, ಒಳಗೆ ಕೊರೆಯುವ ಹುಳು.

"ಯಕ್ಕಾ, ಇದು ಮೇಣದ ಹುಳ. ಈ ಹಳೇ ಎರಿ ಯಾಕ ಬಿಟ್ಟೀರಿ?"

"ಅದು ದೇವರ ಪಾಲು. ಸುಗ್ಗ್ಯಾಗ ಹೊಲದ ಮೂಲ್ಯಾಗ ನಾಕು ತೆನಿ ಬಿಡಂಗಿಲ್ಲೇನು, ಹಂಗ. ಮೂರು ವರ್ಷಾತು, ಮುಟ್ಟಿಲ್ಲ."

"ದೇವರು ಉಣ್ಣಾಕ ಹತ್ತಿಲ್ಲ ಯಕ್ಕಾ, ಹುಳ ಉಣ್ಣಾಕ ಹತ್ಯಾವ. ಬೂದಿಬಣ್ಣದ ಪತಂಗ ಬಂದು ಸಂದ್ಯಾಗ ತತ್ತಿ ಇಡತೈತಿ. ಜೇನು ಕೂಡ್ರದ ಎರಿ ಅಂದ್ರ ಅದಕ್ಕ ತವರಮನಿ."

"ಹೊಗಿ ಹಾಕಿದ್ರ ಹೋಗಂಗಿಲ್ಲೇನು?"

"ಹೊಗಿಗೆ ಜೇನು ಹೋಗತಾವು, ಹುಳ ಉಳೀತಾವು."

ಕಟ್ಟೆಯ ಮೇಲಿದ್ದ ರಾಚವ್ವನ ಗಂಡ ನಿಜಗುಣಪ್ಪ ನಕ್ಕ. "ನನ್ನ ಮಾತು ಒಮ್ಮೆರ ಕೇಳಿಲ್ಲ. ನಿನ್ನ ಮಾತರ ಕೇಳತಾಳೇನು ನೋಡವಾ."

ಪೆಟ್ಟಿಗೆಯ ಬಾಗಿಲಲ್ಲಿ ನಾಲ್ಕು ಜೇನು ಸತ್ತ ಮರಿಯೊಂದನ್ನು ಹೊರಗೆಳೆಯುತ್ತಿದ್ದವು. ಅದನ್ನು ನೋಡುತ್ತ ನೋಡುತ್ತ ರಾಚವ್ವ ಸೆರಗು ಸಿಕ್ಕಿಸಿದಳು.

"ಕೊಡು ಇಲ್ಲೆ. ದೇವರಿಗೆ ನಾ ಹೇಳ್ಕೋತೇನಿ."

ಆ ಎರಿಯನ್ನು ತಾನೇ ಒಲೆಗೆ ಹಾಕಿದಳು. ತಳಹಲಗೆಯ ಕಸ ಕೆರೆದು ಸುಟ್ಟಳು. ಉಳಿದ ಎರಿಗಳಲ್ಲಿದ್ದ ಹುಳುಗಳನ್ನು ಕಡ್ಡಿಯಿಂದ ಹೆಕ್ಕಿದಳು. ಸಂದುಗಳಿಗೆ ಸೆಗಣಿ-ಮಣ್ಣು ಮೆತ್ತಿ, ಬಾಗಿಲು ಕಿರಿದು ಮಾಡಿದಳು. ಜೇನಿನ ಬಲ ಹೆಚ್ಚಲೆಂದು ದಿಲಶಾದಬಿ ತನ್ನ ಪೆಟ್ಟಿಗೆಯಿಂದ ಮರಿ ತುಂಬಿದ ಎರಿಯೊಂದನ್ನು ಜೇನು ಕೊಡವಿ ತಂದುಕೊಟ್ಟಳು. ಹೂವು ಅರಳುವ ತನಕ ಸಕ್ಕರೆ ಪಾನಕ ಇಟ್ಟರು. ಪ್ರತಿ ಸೋಮವಾರ ಪೂಜೆ ಮುಗಿಸಿ ತಳಹಲಗೆ ಒರೆಸುವುದನ್ನು ರಾಚವ್ವ ಒಮ್ಮೆಯೂ ತಪ್ಪಿಸಲಿಲ್ಲ. ಸೂರ್ಯಕಾಂತಿ ಅರಳಿದಾಗ ಪೆಟ್ಟಿಗೆ ಮೊರೆಯುತ್ತಿತ್ತು.

ಜೇನು ಸಾಕುವ ಅಕ್ಕ-ಅಣ್ಣಂದಿರೇ, ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಿ. ಜೇನು ಕೂರದ ಎರಿಯನ್ನು ಒಳಗೆ ಉಳಿಸಬೇಡಿ. ದುಡಿಯುವ ಜೀವಕ್ಕೆ ಮನೆ ಹಸನು ಮಾಡಿಕೊಡುವುದೂ ಪೂಜೆಯೇ.

ಇನ್ನು ರಾಚವ್ವ. ದೀಪಾವಳಿಗೆ ಮೂರು ದಿನ ಮುಂಚೆ ಆಕೆ ಮರಿ ತುಂಬಿದ ಹೊಸ ಎರಿಯೊಂದನ್ನು ಬಿಳಿ ಬಟ್ಟೆಯಲ್ಲಿ ಮುಚ್ಚಿಕೊಂಡು ನೆರೆಮನೆಯ ಹಿತ್ತಲಿಗೆ ಹೋದಳು. ಅಂದು ಪಡೆದ ಎರಿಯ ಬದಲಿಗೆ ಅದನ್ನು ದಿಲಶಾದಬಿಯ ಕೈಗಿಟ್ಟಳು.