ಬಸ್ರೂರನ್ನು ಬರೆದ ಮುರುಗೇಶಪ್ಪ

ಮುರುಗೇಶಪ್ಪನವರು ಯಾರನ್ನೂ ನೇರವಾಗಿ ಮುಖ ನೋಡಿ ಮಾತನಾಡಿಸುವವರಲ್ಲ. ಕತ್ತನ್ನು ಮುಂದಕ್ಕೆ ಚಾಚಿ, ಗಲ್ಲವನ್ನು ಎದೆಗೆ ಒತ್ತಿ, ತಮ್ಮ ಪಾದಗಳಿಗಿಂತ ನಲವತ್ತು ಅಡಿ ಕೆಳಗೆ ನಾವೆಲ್ಲ ನಿಂತಿದ್ದೇವೆಂಬಂತೆ ಮಾತನಾಡುತ್ತಾರೆ. ಅದು ಅಹಂಕಾರವಲ್ಲ, ಅಭ್ಯಾಸ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕ್ರೇನ್ ನಡೆಸಿದವರು ಅವರು. ಛಾವಣಿಗೆ ಅಂಟಿಕೊಂಡ ಪುಟ್ಟ ಗೂಡಿನಲ್ಲಿ ಕುಳಿತು, ಕೆಳಗೆ ನಿಂತವನ ಕೈಸನ್ನೆಯನ್ನಷ್ಟೇ ನಂಬಿ, ಕುದಿಯುವ ಲೋಹದ ತೊಟ್ಟಿಯನ್ನು ತೂಗಿ ಇಳಿಸುವುದು ಅವರ ಕಸುಬಾಗಿತ್ತು. ಆ ಗದ್ದಲದಲ್ಲಿ ಮಾತಿಗೆ ಬೆಲೆಯಿರಲಿಲ್ಲವಾದ್ದರಿಂದ ಇಂದಿಗೂ ಅವರ ಅರ್ಧ ಸಂಭಾಷಣೆ ಕೈಯಲ್ಲೇ ನಡೆಯುತ್ತದೆ. ಮಡದಿ ಶರಾವತಿಯವರು ಅನ್ನ ಬಡಿಸುವಾಗ ಸಾಕೆನಿಸಿದರೆ ಇವರು ಮುಷ್ಟಿ ಬಿಗಿಯುತ್ತಾರೆ. ಸೌಟು ಅಲ್ಲೇ ನಿಲ್ಲುತ್ತದೆ.

ಅಷ್ಟು ಎತ್ತರದಲ್ಲಿ ಒಂದು ದಿನವೂ ತಲೆ ತಿರುಗದ ಈ ಮನುಷ್ಯನಿಗೆ ಬಸ್ಸು ಹತ್ತಿದ ಹತ್ತೇ ನಿಮಿಷಕ್ಕೆ ಹೊಟ್ಟೆ ತೊಳಸುತ್ತದೆ. ಶಿವಮೊಗ್ಗಕ್ಕೆ ರೈಲು, ಮಿಕ್ಕೆಲ್ಲ ಕಡೆಗೂ ಸೈಕಲ್ಲು. ನಾನು ಅವರನ್ನು ಮೊದಲು ಕಂಡದ್ದೂ ಸೈಕಲ್ಲಿನ ಜೊತೆಯಲ್ಲೇ, ನಾನು ಕೆಲಸ ಮಾಡುವ ಶಂಕರಘಟ್ಟದ ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲಲ್ಲಿ. ಮೊಣಕೈಗೆ ತೇಪೆ ಹಾಕಿದ ಕಾರ್ಖಾನೆಯ ನೀಲಿ ಕೋಟು, ಬೆವರಿನಿಂದ ತೊಯ್ದ ಕಾಲರು. ಯಂತ್ರಗಳ ಸದ್ದಿಗೆ ಮಂದವಾದ ಕಿವಿಯ ಅವರು, ಪಿಸುಮಾತಿಗೂ ಅಂಜುವ ಆ ಕೋಣೆಯಲ್ಲಿ, "ಮೇಡಂ, ಬಸ್ರೂರಿನ ಬಗ್ಗೆ ಏನಿದ್ರೂ ಕೊಡಿ" ಎಂದು ಕೂಗಿದಾಗ ಓದುತ್ತಿದ್ದವರೆಲ್ಲ ಬೆಚ್ಚಿ ತಲೆಯೆತ್ತಿದರು.

"ಬೀರೂರಾ ಸಾರ್?" ಎಂದೆ ನಾನು.

ಅವರ ಮುಖ ಸಪ್ಪಗಾಯಿತು. "ಓದಿದೋರೂ ಹಿಂಗಂದ್ರೆ ಹೆಂಗೆ ಮಾರಾಯ್ರೇ?"

ನಾನರಿಯದೆ ಹಳೆಯ ಗಾಯವನ್ನು ಮುಟ್ಟಿದ್ದೆ. ಶರಾವತಿಯವರು ಹುಟ್ಟಿದ್ದು ಕುಂದಾಪುರದ ಸಮೀಪದ ಬಸ್ರೂರಿನಲ್ಲಿ. ಹತ್ತು ವರ್ಷದವರಿದ್ದಾಗ ಅವರ ತಂದೆಗೆ ಭದ್ರಾವತಿಯಲ್ಲಿ ಕೆಲಸ ಸಿಕ್ಕಿ ಮನೆಮಂದಿಯೆಲ್ಲ ಘಟ್ಟ ಹತ್ತಿದ್ದರು, ಮದುವೆಯಾದದ್ದು ಇಲ್ಲಿಯೇ. ಹೊಸ ಮದುಮಗಳನ್ನು ನೋಡಲು ಬಂದ ಕ್ವಾರ್ಟರ್ಸಿನ ಹೆಂಗಸರು ತವರು ಯಾವುದೆಂದು ಕೇಳಿದಾಗ ಆಕೆ ಬಸ್ರೂರು ಎಂದರೆ, ರೈಲು ಜಂಕ್ಷನ್ನಿನ ಬೀರೂರೊಂದನ್ನೇ ಬಲ್ಲ ಅವರು ಬೀರೂರೆಂದೇ ಕೇಳಿಸಿಕೊಂಡರು. ತಿದ್ದಿ ಹೇಳಿದಾಗ, "ಅಂಥದೊಂದು ಊರಿದ್ಯಾ?" ಎಂದು ಒಬ್ಬಾಕೆ ನಕ್ಕಳು. ಶರಾವತಿಯವರಿಗೆ ಏನೂ ಅನ್ನಿಸಲಿಲ್ಲ. ಒಳಕೋಣೆಯಲ್ಲಿ ಅಂಗಿ ತೊಡುತ್ತಿದ್ದ ಮುರುಗೇಶಪ್ಪನವರಿಗೆ ಮಾತ್ರ ಆ ನಗು ಮುಳ್ಳಿನಂತೆ ಚುಚ್ಚಿತು. ಹೆಂಡತಿಯ ಊರು ಎಂಥದೆಂದು ಈ ಲೋಕಕ್ಕೆ ತೋರಿಸಿಕೊಡಬೇಕೆಂದು ಅವರು ಆವತ್ತೇ ತೀರ್ಮಾನಿಸಿದರಂತೆ.

ಹಾಗೆ ಆರಂಭವಾದದ್ದು ನಲವತ್ತು ವರ್ಷ ನಡೆಯಿತು. ಏಳನೆಯ ತರಗತಿಗೆ ಶಾಲೆ ಬಿಟ್ಟವರು ಶಾಸನಗಳ ಸಂಪುಟಗಳನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದರು; ಅರ್ಥವಾಗದ ಸಾಲುಗಳನ್ನು ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಬರೆದುಕೊಂಡು ಹೊಳೆಹೊನ್ನೂರಿನ ಸಂಸ್ಕೃತ ಪಂಡಿತರೊಬ್ಬರ ಬಳಿಗೆ ಸೈಕಲ್ ತುಳಿದರು. ವಾರಾಹಿ ನದಿಯ ದಡದ ಆ ಪಟ್ಟಣ, ಸಮುದ್ರದಿಂದ ತುಸು ಒಳಗಿದ್ದೂ ಸಮುದ್ರವನ್ನೇ ನಂಬಿ ಬಾಳಿದ ಆ ರೇವು, ಅವರ ಮಾತಿನಲ್ಲಿ ಮೈದುಂಬಿ ನಿಲ್ಲುತ್ತಿತ್ತು: ಅಕ್ಕಿಯ ಮೂಟೆಗಳನ್ನು ಹೊತ್ತು ಪರದೇಶಕ್ಕೆ ಹೊರಟ ಹಡಗುಗಳು, ಹೊರನಾಡಿನ ನಾವಿಕರ ನಾಲಗೆಯಲ್ಲಿ ಬಾರ್ಸೆಲೋರ್ ಆದ ಹೆಸರು, ಅರಬರು, ಪೋರ್ಚುಗೀಸರು, ಕೆಳದಿಯ ಅರಸರು, ಶಿವಾಜಿಯ ನೌಕಾಪಡೆ ಬಂದಿಳಿದ ದಿನ, ಮಂಡಿಕೇರಿ, ವಿಲಾಸಕೇರಿ ಎಂದು ಕೇರಿ ಕೇರಿಯಾಗಿ ಹಂಚಿಕೊಂಡ ಬದುಕು. ಕೇಳುವವರಿಗೆ ಅವರು ನಿನ್ನೆ ತಾನೇ ಅಲ್ಲಿಂದ ಮರಳಿದವರಂತೆ ತೋರುತ್ತಿತ್ತು. ನಿಜವೆಂದರೆ ಅವರು ಬಸ್ರೂರನ್ನು ಒಮ್ಮೆಯೂ ಕಂಡಿರಲಿಲ್ಲ. ನಡುವೆ ಘಾಟಿಯಿತ್ತು, ಘಾಟಿಯಲ್ಲಿ ತಿರುವುಗಳಿದ್ದವು.

ಶರಾವತಿಯವರ ಉದಾಸೀನ ನನಗೆ ಮೊದಮೊದಲು ಅಚ್ಚರಿಯೆನಿಸುತ್ತಿತ್ತು. ಗಂಡ ಜಗಲಿಯಲ್ಲಿ ಕುಳಿತು ಪೋರ್ಚುಗೀಸರ ಕೋಟೆಯನ್ನು ವರ್ಣಿಸುತ್ತಿದ್ದರೆ, ಆಕೆ ಹರಿವೆ ಸೊಪ್ಪು ಸೋಸುತ್ತ, "ಎಂತ ಕೋಟೆಯೋ, ನಾನಂತೂ ಕಾಣ್ಲಿಲ್ಲ. ಸೆಖೆ ಒಂದು ಬೇಕಾದಷ್ಟಿತ್ತು" ಎನ್ನುತ್ತಿದ್ದರು. ಅವರು ಕೈಸನ್ನೆಯಿಂದ ಆಕೆಯನ್ನು ಸುಮ್ಮನಾಗಿಸಿ ಮುಂದುವರಿಸುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವಿಗಾಗಿ ಈಗ ನಾಚಿಕೆಯಾಗುತ್ತದೆ.

ಕಳೆದ ವರ್ಷ ಪುಸ್ತಕ ಸಿದ್ಧವಾಯಿತು. ಶಿವಮೊಗ್ಗದ ಕೋಟೆ ಬೀದಿಯ ಬಳಿ ಪ್ರೆಸ್ ಇಟ್ಟಿರುವ ಜ್ಞಾನೇಶ್ ನಾನೂರು ಪ್ರತಿ ಅಚ್ಚು ಹಾಕಿ, ಹೊಲಿಗೆ ಮುಗಿಸಿ, ಕಟ್ಟು ಕಟ್ಟಿ ಇಟ್ಟರು. ನಡುಪುಟದಲ್ಲಿ ಮುರುಗೇಶಪ್ಪನವರೇ ಬಿಡಿಸಿದ ಹಳೆಯ ಬಸ್ರೂರಿನ ನಕ್ಷೆಯಿತ್ತು. ಅವರ ಆಯುಷ್ಯದ ಹೆಮ್ಮೆಯೆಲ್ಲ ಆ ಒಂದು ಹಾಳೆಯಲ್ಲಿತ್ತು. ಬಿಡುಗಡೆಗೆ ಭಾನುವಾರವೊಂದು ಗೊತ್ತಾಯಿತು. ಆಗ ಜ್ಞಾನೇಶ್, ಬ್ಯಾನರಿಗೆ ಹಾಕಲು ಲೇಖಕರು ಆ ಊರಿನಲ್ಲಿ ನಿಂತಿರುವ ಫೋಟೋ ಬೇಕೆಂದರು. ಮರುದಿನ ಮುರುಗೇಶಪ್ಪನವರು ನನಗೆ ಫೋನು ಮಾಡಿ, "ಶ್ರೀಗೌರಿ ಮೇಡಂ, ನಿಮ್ಮ ಕಾರಲ್ಲಿ ಮೆಲ್ಲಗೆ ಹೋಗಬಹುದಾ?" ಎಂದು ಕೇಳಿದರು.

ಮೆಲ್ಲಗೆಂದರೆ ಮೆಲ್ಲಗೆಯೇ. ತೀರ್ಥಹಳ್ಳಿ ದಾಟುವಷ್ಟರಲ್ಲಿ ಎರಡು ನಿಂಬೆಹಣ್ಣು ಮೂಸಿ ಮೂಸಿ ಸೊರಗಿದ್ದವು. ಬಾಳೆಬರೆ ಘಾಟಿಯ ಮೂರನೆಯ ತಿರುವಿನಲ್ಲಿ ಅವರು ಬಾಗಿಲು ತೆರೆದು ಇಳಿದೇಬಿಟ್ಟರು. "ನೀವು ಹೋಗ್ತಿರಿ, ನಾನು ನಡ್ಕೊಂಡು ಬರ್ತೀನಿ." ಅರವತ್ತೆಂಟು ವರ್ಷದ ಆ ಮನುಷ್ಯ ನೀಲಿ ಕೋಟು ಹೆಗಲಿಗೆ ಹಾಕಿಕೊಂಡು ಘಟ್ಟ ಇಳಿಯುತ್ತಿದ್ದರೆ, ಹಿಂದಿನಿಂದ ಬರುವ ಲಾರಿಗಳ ಬೈಗುಳ ತಿನ್ನುತ್ತ ನಾನು ತೆವಳಿಕೊಂಡು ಹಿಂಬಾಲಿಸಿದೆ. ಶರಾವತಿಯವರು ಹಿಂದಿನ ಸೀಟಿನಲ್ಲಿ ನಿಶ್ಚಿಂತೆಯಿಂದ ಚಕ್ಕುಲಿ ಮುರಿಯುತ್ತ, "ನಂಗೋಸ್ಕರ ಅಂತ ಇಷ್ಟೆಲ್ಲ ಮಾಡ್ತಾರೆ ನೋಡು. ನಂಗೇನ್ ಬೇಕು ಅಂತ ಮಾತ್ರ ಕೇಳಲ್ಲ" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಅದಕ್ಕೇ ನನಗೆ ಅದು ತಾಗಿತು.

ಬಸ್ರೂರು ತಲುಪುವಾಗ ಮಧ್ಯಾಹ್ನ. ಮುರುಗೇಶಪ್ಪನವರು ನಕ್ಷೆ ಹಿಡಿದು ಮುಂದೆ ನಡೆದರು. ಎರಡು ಕೇರಿಗಳವರೆಗೆ ಎಲ್ಲವೂ ಅವರೆಣಿಸಿದಂತೆಯೇ ಇತ್ತು. ಮಕ್ಕಳಂತೆ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಮೂರನೆಯ ತಿರುವಿನಲ್ಲಿ, ದೋಣಿಗಳು ನಿಲ್ಲುತ್ತಿದ್ದ ಹಳೆಯ ಧಕ್ಕೆಗೆಂದು ಪಡುವಣಕ್ಕೆ ತಿರುಗಿದರು. ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದ ಮುದುಕರೊಬ್ಬರು, "ಹ್ವಾಯ್, ಎಲ್ಲಿಗ್ ಹೋಯ್ಕ್?" ಎಂದು ಕೂಗಿದರು. ಉತ್ತರ ಹೇಳಲು ತಿರುಗಿದರೆ ಶರಾವತಿಯವರು ನಮ್ಮ ಹಿಂದಿರಲಿಲ್ಲ. ಆಕೆ ಎದುರು ದಿಕ್ಕಿನ ಕಾಲುದಾರಿಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನೆಂದೂ ಕಾಣದ ವೇಗದಲ್ಲಿ ಹೋಗುತ್ತಿದ್ದರು.

ನಾವು ಓಡಿ ಸೇರುವಾಗ ಆಕೆ ಹೊಳೆಯಂಚಿನಲ್ಲಿ ನಿಂತಿದ್ದರು. ಹುಲ್ಲು ಬೆಳೆದ ಕಲ್ಲುಮೆಟ್ಟಿಲುಗಳು ನೀರಿನೊಳಗೆ ಇಳಿದಿದ್ದವು.

"ಧಕ್ಕೆ ಆ ಕಡೆ ಕಣೇ" ಎಂದರು ಮುರುಗೇಶಪ್ಪ, ನಕ್ಷೆ ತೋರಿಸುತ್ತ. "ಸಮುದ್ರ ಇರೋದು ಪಶ್ಚಿಮಕ್ಕೆ. ದೋಣಿ ಬರೋದೂ ಅಲ್ಲಿಂದ್ಲೇ."

"ಆ ಕಡೆ ಬರೀ ಕೆಸರು ರೀ. ನೀರು ಇಳಿದಾಗ ದೋಣಿ ಹೂತು ಹೋಗ್ತಿತ್ತು. ದೋಣಿ ನಿಲ್ತಿದ್ದದ್ದು ಇಲ್ಲಿ." ಆಕೆ ಮೂರನೆಯ ಮೆಟ್ಟಿಲ ಮೇಲೆ ಕುಳಿತರು. "ನಮ್ಮಮ್ಮ ಇಲ್ಲಿನ ಹೆಂಚಿನ ಕಾರ್ಖಾನೆಯಿಂದ ಹೆಂಚು ಹೊತ್ತು ತಂದು ಇಲ್ಲೇ ದೋಣಿಗೆ ತುಂಬ್ತಿದ್ದಳು. ಒಂದು ಸಲಕ್ಕೆ ಹತ್ತು ಹೆಂಚು, ತಲೆ ಮೇಲೆ. ನಾನು ಗಂಜಿ ಪಾತ್ರೆ ಹಿಡ್ಕೊಂಡು ಇಲ್ಲಿ ಕೂತಿರ್ತಿದ್ದೆ. ಈ ಗಾಯ ಆಗಿದ್ದೂ ಇಲ್ಲೇ ಜಾರಿ ಬಿದ್ದು."

ಆಕೆಯ ಗಲ್ಲದ ಕೆಳಗೆ ಬೆಳ್ಳನೆಯ ಗೆರೆಯೊಂದಿತ್ತು. ಮುರುಗೇಶಪ್ಪನವರು ಅದನ್ನು ನಲವತ್ತು ವರ್ಷದಿಂದ ಕಂಡಿದ್ದರು. ಅಂದು ಅವರು ಗಲ್ಲವೆತ್ತಿ, ಹೆಂಡತಿಯ ಮುಖವನ್ನು ನೇರವಾಗಿ, ಬಹಳ ಹೊತ್ತು ನೋಡಿದರು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ರಾಜರ ವಿಷಯ ಬರೀತಿದ್ರಿ. ಇದ್ಯಾಕೆ ಬೇಕು ಅಂತ ಸುಮ್ನಿದ್ದೆ. ಕೇಳಿದ್ರೆ ಹೇಳ್ತಿದ್ದೆ."

ಅವರು ಮೆಲ್ಲನೆ ಪಕ್ಕದಲ್ಲಿ ಕುಳಿತುಕೊಂಡರು. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಫೋಟೋ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.

ಮರಳಿದ ಮರುದಿನವೇ ಅವರು ಜ್ಞಾನೇಶರ ಪ್ರೆಸ್ಸಿನಲ್ಲಿದ್ದರು, ನಾನೂ ಜೊತೆಗಿದ್ದೆ. ನಕ್ಷೆ ತಪ್ಪಾಗಿದೆ, ಒಂದು ಪ್ರತಿಯೂ ಹೊರಗೆ ಹೋಗಕೂಡದು ಎಂದರು. ಜ್ಞಾನೇಶ್ ತಲೆಯ ಮೇಲೆ ಕೈಹೊತ್ತರು. "ಇನ್ನು ಎಂಟೇ ದಿನ ಇರೋದು. ಧಕ್ಕೆ ಆ ಕಡೆ ಇದ್ರೇನು, ಈ ಕಡೆ ಇದ್ರೇನು ಮಾರಾಯ್ರೇ? ಶಿವಮೊಗ್ಗದಲ್ಲಿ ಯಾರಿಗೆ ಗೊತ್ತಾಗುತ್ತೆ?"

"ನಮ್ಮನೇಲಿ ಒಬ್ರಿಗೆ ಗೊತ್ತಲ್ಲ" ಎಂದರು ಮುರುಗೇಶಪ್ಪ.

ಬಿಡುಗಡೆ ಒಂದು ತಿಂಗಳು ಮುಂದೆ ಹೋಯಿತು. ಆ ತಿಂಗಳಿಡೀ ಜಗಲಿಯಲ್ಲಿ ಶರಾವತಿಯವರು ಹೇಳಿದರು, ಅವರು ಬರೆದುಕೊಂಡರು. ಹೆಂಚಿನ ಮಣ್ಣು ಯಾವ ಗದ್ದೆಯಿಂದ ಬರುತ್ತಿತ್ತು, ತಲೆಗೆ ಸಿಂಬಿ ಹೇಗೆ ಸುತ್ತುತ್ತಿದ್ದರು, ಸಮುದ್ರದ ಭರತದ ನೀರು ಹೊಳೆಗೆ ಏರುವುದನ್ನು ಹೆಂಗಸರು ಯಾವ ಕಲ್ಲು ನೋಡಿ ತಿಳಿಯುತ್ತಿದ್ದರು ಎಂದು ಒಂದೊಂದನ್ನೂ ಕೇಳಿದರು. ಕಿವಿ ಮಂದವಾದ್ದರಿಂದ ಎರಡೆರಡು ಸಲ ಹೇಳಬೇಕಾಗುತ್ತಿತ್ತು, ಆಕೆ ಬೇಸರಿಸಲಿಲ್ಲ. ಹದಿನಾರು ಪುಟವಾಯಿತು, ಅದನ್ನು ಜ್ಞಾನೇಶ್ ಅಚ್ಚು ಹಾಕಿ ಪ್ರತಿಗಳ ಕೊನೆಗೆ ಸೇರಿಸಿದರು. ನಾನೂರು ಪ್ರತಿಗಳಲ್ಲೂ ಹಳೆಯ ನಕ್ಷೆಯ ಮೇಲೆ ಹೊಸದನ್ನು ನಾವು ಮೂವರೂ ಮೈದಾ ಅಂಟಿನಿಂದ ಅಂಟಿಸಿದೆವು. ಕೆಲವು ಸೊಟ್ಟಗಾದವು.

ಬಿಡುಗಡೆಯ ದಿನ ಅವರು ತಮ್ಮ ಸರದಿ ಬಂದಾಗ, "ನಾನು ಓದಿ ಬರೆದೆ. ಕಂಡವಳು ಇವಳು" ಎಂದಷ್ಟೇ ಹೇಳಿ ಮೈಕನ್ನು ಹೆಂಡತಿಯ ಕೈಗಿತ್ತರು. ಶರಾವತಿಯವರು ಎದ್ದು ನಿಂತು ಸಭೆಯನ್ನೊಮ್ಮೆ ನೋಡಿದರು. "ಇವರ ಪುಸ್ತಕದಲ್ಲಿ ಮೊದಲು ರಾಜರೆಲ್ಲ ಇದ್ರು. ನಮ್ಮಮ್ಮ ಇರ್ಲಿಲ್ಲ. ಈಗ ಇದ್ದಾಳೆ." ಇಷ್ಟು ಹೇಳಿ ಕುಳಿತರು.

ಊರುಗಳ ಚರಿತ್ರೆ ಬರೆಯುವವರಲ್ಲಿ ವಿದ್ವಾಂಸರಿದ್ದಾರೆ; ಅವರು ತಪ್ಪಿದರೆ ತಿದ್ದಲು ಬೇರೆ ವಿದ್ವಾಂಸರಿದ್ದಾರೆ. ಆದರೆ ಯಾರನ್ನೋ ಪ್ರೀತಿಸಿದ ಕಾರಣಕ್ಕೆ ಒಂದು ಊರನ್ನು ಪ್ರೀತಿಸಿ, ಪದವಿಯ ಹಂಗಿಲ್ಲದೆ, ಯಾರೂ ಹೇಳದೆ ಜೀವನ ತೇಯುವ ಇನ್ನೊಂದು ಜಾತಿಯ ಜನರಿದ್ದಾರೆ. ಅವರ ಶ್ರದ್ಧೆ ದೊಡ್ಡದು, ಅದರಷ್ಟೇ ದೊಡ್ಡದು ಅವರ ಕುರುಡು. ಯಾರಿಗಾಗಿ ಹೊರಟರೋ ಅವರನ್ನೇ ದಾರಿಯಲ್ಲಿ ಮರೆತುಬಿಡುತ್ತಾರೆ. ಆದರೂ ಒಂದು ದಿನ ತಪ್ಪು ತಿಳಿದಾಗ, ಅವಮಾನವೆಂದು ಮುಚ್ಚಿಡದೆ, ಕುಳಿತು ಮೊದಲಿನಿಂದ ಕೇಳಿಸಿಕೊಳ್ಳುವ ವಿನಯ ಅಂಥವರಲ್ಲಿ ಉಳಿದಿರುತ್ತದೆ. ಪ್ರೀತಿ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಪುರಾವೆಯನ್ನು ನಾನಂತೂ ಯಾವ ಗ್ರಂಥದಲ್ಲಿಯೂ ಕಂಡಿಲ್ಲ.