ಮೂವತ್ತನಾಲ್ಕು ದಿನಗಳ ವಿವರಣೆ

ಮಳವಳ್ಳಿಯ ವಾಚ್ ರಿಪೇರಿ ಗಫಾರ್‌ನನ್ನು ೧೯೭೮ರಲ್ಲಿ ಕಾಫಿಪೋಸಾ ಕಾಯಿದೆಯಲ್ಲಿ ಹಿಡಿದುಕೊಂಡು ಹೋದರು. ಅದು ಕಳ್ಳಸಾಗಣೆ ತಡೆಯುವ ಕಾಯಿದೆ. ಹೆಸರಿನಲ್ಲಿ ಕಾಫಿ ಇದ್ದರೂ ಒಳಗೆ ಹೋದವನಿಗೆ ವಿಚಾರಣೆಯ ವಾಸನೆಯೂ ಸಿಗದು. ಒಂದು ವರ್ಷ ಸುಮ್ಮನೆ ಕೂರಬೇಕು. ಅಂಗಡಿಯಲ್ಲಿ ಸಿಕ್ಕಿದ್ದು ಹನ್ನೊಂದು ಫಾರಿನ್ ವಾಚು. ಎಲ್ಲವೂ ರಿಪೇರಿಗೆ ಬಂದವು ಎಂದ ಗಫಾರ್. ಅವುಗಳ ಯಜಮಾನರೆಲ್ಲ ಊರಿನ ಮರ್ಯಾದಸ್ಥರು. ಒಬ್ಬರೂ ವಾಚು ತಮ್ಮದೆನ್ನದೆ, ಅವತ್ತಿನಿಂದ ಖಾಲಿ ಮಣಿಕಟ್ಟನ್ನು ತುಂಬುತೋಳಿನ ಅಂಗಿಯಲ್ಲಿ ಮುಚ್ಚಿಕೊಂಡು ಓಡಾಡಿದರು.

ತನ್ನನ್ನು ಬಿಡಬೇಕೆಂದು ಗಫಾರ್ ಜೈಲಿನಿಂದ ಸರ್ಕಾರಕ್ಕೆ ಮನವಿ ಬರೆದ. ಸರ್ಕಾರ ಅದನ್ನು ಅಭಿಪ್ರಾಯ ಕೇಳಿ ಮಂಡ್ಯದ ಒಂದು ಕಚೇರಿಗೆ ಕಳಿಸಿತು. ಅಲ್ಲಿ ಅದು ಗುಮಾಸ್ತ ದೊಡ್ಡಸಿದ್ದಯ್ಯನವರ ಮೇಜು ಸೇರಿ ತಣ್ಣಗೆ ಮಲಗಿತು. ಗಫಾರ್‌ನ ಹೆಂಡತಿ ಕುಲ್ಸುಮ್ ಮತ್ತೆ ಮತ್ತೆ ಬಸ್ಸು ಹತ್ತಿ ಹೋಗಿ ಎದುರಿಗೆ ನಿಲ್ಲುವಳು. ದೊಡ್ಡಸಿದ್ದಯ್ಯ ಕಿವಿಯ ಮೇಲಿನ ಪೆನ್ಸಿಲು ಮುಟ್ಟಿಕೊಂಡು, ಮೂಗಿನಲ್ಲೇ ರಾಗ ಎಳೆದು, "ನಾಳೀಕ್ ಬಾರಮ್ಮ, ನೋಡಾನ" ಎನ್ನುವರು.

ಇದನ್ನು ಕುಲ್ಸುಮ್ ಮದ್ದೂರಿನ ವಕೀಲ ವೆಂಕಟೇಶಮೂರ್ತಿಗಳ ಮುಂದೆ ಮೂಗು, ಪೆನ್ಸಿಲು ಸಮೇತ ಆಡಿ ತೋರಿಸಿದಳು. ನಾನು ಅವರ ಜೂನಿಯರು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಬಹುಮಾನವನ್ನೂ ದಂಡವನ್ನೂ ಗಿಟ್ಟಿಸಿದ್ದ ನನಗೇ ಹೊಟ್ಟೆಕಿಚ್ಚಾಯಿತು.

"ಎಷ್ಟು ದಿನ ಆಯ್ತಮ್ಮಾ?" ಎಂದರು ವಕೀಲರು.

"ಮೂವತ್ತನಾಕು, ಸ್ವಾಮಿ. ನೆನ್ನೆ ಓಗಿ ಅತ್ತುಬುಟ್ಟೆ. ಇವತ್ತೇ ಬರ್ದು ಕಳುಸ್ತೀನಿ ಅಂದವ್ರೆ."

ವಕೀಲರ ಮುಖ ಸಪ್ಪಗಾಯಿತು. "ಯಾಕಮ್ಮಾ ಅತ್ತೆ? ಒಳಗಿರೋನ ಮನವೀನ ಸರ್ಕಾರ ಕಾರಣ ಇಲ್ದೆ ಇಟ್ಕೊಂಡು ಕೂತ್ರೆ ಹೈಕೋರ್ಟು ಬಂಧನವನ್ನೇ ರದ್ದು ಮಾಡತ್ತೆ. ಆತನ ನಿದ್ದೆಯೇ ನಮ್ಮ ಕೇಸು. ಅದನ್ನ ನೀನೇ ಹೋಗಿ ಎಬ್ಬಿಸಿದೀಯಲ್ಲ."

ಅದನ್ನು ತಡೆಯಲು ಕುಲ್ಸುಮ್ ಮತ್ತು ನಾನು ಮಂಡ್ಯಕ್ಕೆ ಓಡಿದೆವು. ದೊಡ್ಡಸಿದ್ದಯ್ಯ ಬೆವರು ಒರೆಸಿಕೊಳ್ಳುತ್ತಿದ್ದರು.

"ಕಳುಸ್ಬುಟ್ಟೆ ಕಣಮ್ಮ. ನಿನ್ ಕಣ್ಣೀರ್ ನೋಡಕ್ಕಾಗ್ನಿಲ್ಲ."

ಕುಲ್ಸುಮ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. "ಇನ್ನೊಂದ್ ತಿಂಗ್ಳು ನಿದ್ದೆ ಮಾಡಕ್ಕೇನಾಗಿತ್ತು ಇವ್ರಿಗೆ? ನನ್ ಗಂಡನ್ನ ನಾನೇ ಒಳುಗ್ ಕೂರುಸ್ದೆ."

ಮೂರೇ ದಿನದಲ್ಲಿ ಮನವಿ ತಿರಸ್ಕೃತವಾಯಿತು. ವಕೀಲರು ಹೈಕೋರ್ಟಿಗೆ ಹೋದರು. ಮೂವತ್ತನಾಲ್ಕು ದಿನ ಏನು ನಡೆಯಿತೆಂದು ದಿನವಾರು ವಿವರಣೆ ಕೊಡಿ ಎಂದಿತು ಕೋರ್ಟು. ಎಂಥದೋ ಒಂದು ನೆಪ ಬರೆದಿದ್ದರೂ ಸಾಕಿತ್ತು ಸರ್ಕಾರಕ್ಕೆ. ಆದರೆ ವಿವರಣೆ ಬರೆಯುವ ಭಾರ ಬಿದ್ದದ್ದು ದೊಡ್ಡಸಿದ್ದಯ್ಯನವರ ಮೇಲೆ. ಕಚೇರಿ ಕೈಕಟ್ಟಿ ಕೂತಿರಲಿಲ್ಲವೆಂದು ತೋರಿಸಲು ಅವರು ಮನಸಾರೆ ಬರೆದಿದ್ದರು:

"ಮೂರನೇ ದಿನ: ಅರ್ಜಿದಾರನ ಪತ್ನಿ ಬಂದಿದ್ದರು. ಗೌರವದಿಂದ ಮಾತನಾಡಿಸಿ ಕಳುಹಿಸಲಾಯಿತು. ಎಂಟನೇ ದಿನ: ಸದರಿಯವರು ಪುನಃ ಬಂದರು. ಕುಡಿಯಲು ನೀರು ಕೊಟ್ಟು ಕಳುಹಿಸಲಾಯಿತು. ಹದಿನೇಳನೇ ದಿನ: ಸದರಿಯವರು ನೆನೆದು ಬಂದರು. ಮಳೆ ನಿಲ್ಲುವತನಕ ಕೂರಿಸಿ ಕಳುಹಿಸಲಾಯಿತು. ಮೂವತ್ತಮೂರನೇ ದಿನ: ಸದರಿಯವರು ಅತ್ತರು. ಮೂವತ್ತನಾಲ್ಕನೇ ದಿನ: ಅಭಿಪ್ರಾಯ ಬರೆದು ಕಳುಹಿಸಲಾಯಿತು."

ನ್ಯಾಯಮೂರ್ತಿಗಳು ಕನ್ನಡಕ ತೆಗೆದರು. "ಇಷ್ಟು ದಿನದಲ್ಲಿ ಓಡಾಡಿದ್ದು ಕಡತವೋ, ಈ ಹೆಂಗಸೋ?"

ಸರ್ಕಾರಿ ವಕೀಲರು ಉತ್ತರಕ್ಕಾಗಿ ತಮ್ಮ ಕಾಗದಗಳಲ್ಲಿ ಹುಡುಕಿದರು. ಅಲ್ಲಿಯೂ ಸದರಿಯವರೇ ಇದ್ದರು. ಸಂಜೆಯೊಳಗೆ ಬಂಧನದ ಆದೇಶ ರದ್ದಾಯಿತು.

ತಿಂಗಳ ಮೇಲೆ ನಾನು ಗಫಾರ್‌ನ ಅಂಗಡಿಯಲ್ಲಿದ್ದಾಗ ದೊಡ್ಡಸಿದ್ದಯ್ಯ ನಿಂತುಹೋದ ವಾಚು ಹಿಡಿದು ಬಂದರು.

"ನಿನ್ನಿಂದ ನಂಗ್ ಮೆಮೋ ಬಂತು ಕಣಮ್ಮ" ಎಂದರು ಕುಲ್ಸುಮ್‌ಗೆ. "ಅಷ್ಟ್ ಚೆನ್ನಾಗ್ ಬರ್ದಿದ್ದೆ."

"ಅದುಕ್ಕೇ ಅಲ್ವಾ ಅಣ್ಣಾ ಇವ್ರು ಮನೇಲಿರದು" ಎಂದಳು ಕುಲ್ಸುಮ್.

ಗಫಾರ್ ವಾಚು ತಿರುಗಿಸಿ ನೋಡಿದ. ಫಾರಿನ್ನು. ಬಿಚ್ಚದೆ ಮೇಜಿನ ಮೇಲಿಟ್ಟು, ಒಂದು ಹಾಳೆ ಮುಂದೆ ತಳ್ಳಿದ. "ಈ ವಾಚ್ ನಂದೇ ಅಂತ ಬರ್ದು ಸೈನ್ ಆಕ್ಬುಡಿ, ಆಮೇಲ್ ಬಿಚ್ತೀನಿ."

ಬರೆಯುವುದು ಎಂದೊಡನೆ ದೊಡ್ಡಸಿದ್ದಯ್ಯನವರ ಕೈ ಕಿವಿಯ ಪೆನ್ಸಿಲಿಗೆ ಹೋಯಿತು. "ನಾಳೀಕ್..." ಎಂದರು. ಮಿಕ್ಕಿದ್ದನ್ನು ಕುಲ್ಸುಮ್ ಅದೇ ಮೂಗಿನ ರಾಗದಲ್ಲಿ ಹಾಡಿ ಮುಗಿಸಿದಳು.