ಏಳನೇ ಷರತ್ತು

"ಏಳನೇದು ಆತಾ?" ಎಂದು ಮೂರ್ತಪ್ಪ ಕೇಳಿದಾಗ ಪ್ರಭುವಿನ ಬೆರಳು ಕೀಬೋರ್ಡಿನ ಮೇಲೆ ನಿಂತೇ ಹೋಗಿತ್ತು.

"ಆಗ್ತಾ ಐತೆ. ನೀವು ಚಾ ಕುಡೀರಿ, ಆರ್ತೈತೆ."

ಚಿತ್ರದುರ್ಗದ ಕೋರ್ಟಿನ ಹಿಂದಿನ ಸಾಲಿನಲ್ಲಿ ಪ್ರಭುವಿನ ಡಿಟಿಪಿ ಅಂಗಡಿ. ಬಾಡಿಗೆ ಕರಾರು, ಕ್ರಯಪತ್ರದ ಕರಡು, ಅಫಿಡವಿಟ್ಟು, ಏನೇ ಇರಲಿ, ಇಂಗ್ಲಿಷಿನಲ್ಲಿದ್ದುದನ್ನು ಓದುತ್ತಲೇ ಕನ್ನಡದಲ್ಲಿ ಟೈಪು ಮಾಡಿಬಿಡುವುದರಲ್ಲಿ ಆ ಸಾಲಿನಲ್ಲಿ ಅವನ ಸಮ ಯಾರೂ ಇರಲಿಲ್ಲ. ಗಿರಾಕಿಗಳು ಹೆಸರು ನೋಡುತ್ತಿದ್ದರು, ತಾರೀಖು ನೋಡುತ್ತಿದ್ದರು, ಜಮೀನಿನದಾದರೆ ಸರ್ವೆ ನಂಬರು ನೋಡುತ್ತಿದ್ದರು. ಉಳಿದದ್ದನ್ನು ಓದುವವರಿರಲಿಲ್ಲ. ಎದುರಿಗೇ ಕೂತು ಸಾಲು ಸಾಲಾಗಿ ಓದಿದರೆ ಟೈಪು ಮಾಡಿದವನನ್ನು ಅನುಮಾನಿಸಿದಂತೆ ಎಂಬುದು ಅಲ್ಲಿನ ರೂಢಿ.

ಮೂರ್ತಪ್ಪ ಜೋಗಿಮಟ್ಟಿಯಾಚೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಸೂಪರ್‌ವೈಸರ್. ಊರವರ ಬಾಯಲ್ಲಿ ಅವು ಫ್ಯಾನುಗಳು. ಫ್ಯಾನು ಹತ್ತಿ ರಿಪೇರಿ ಮಾಡುವವರಿಗೆಲ್ಲ ಕಂಪನಿ ಹೊಸದೊಂದು ಕೈಗಡಿಯಾರ ಕೊಡುವುದಿತ್ತು. ಅದು ತೊಟ್ಟವರ ಎದೆಬಡಿತ ಎಣಿಸುತ್ತದೆ, ಎಲ್ಲಿದ್ದಾರೆಂದು ತೋರಿಸುತ್ತದೆ, ಬಿದ್ದರೆ ಸುದ್ದಿ ಮುಟ್ಟಿಸುತ್ತದೆ. ತೊಡುವ ಮೊದಲು ಕರಾರಿಗೆ ಸಹಿ ಹಾಕಬೇಕು. ಗಡಿಯಾರ ಕಂಪನಿಯ ಸ್ವತ್ತು. ಕೆಲಸದ ವೇಳೆಯಲ್ಲಿ ಬಿಚ್ಚತಕ್ಕದ್ದಲ್ಲ. ಇನ್ನೊಬ್ಬರ ಕೈಗೆ ಕಟ್ಟತಕ್ಕದ್ದಲ್ಲ. ಅದರಲ್ಲಿ ದಾಖಲಾದ ಎದೆಬಡಿತದ ವಿವರವೂ ಕಂಪನಿಗೇ ಸೇರಿದ್ದು. ಆರು ಷರತ್ತುಗಳನ್ನು ಪ್ರಭು ಬಾಡಿಗೆ ಕರಾರು ಬಡಿದಂತೆಯೇ ಬಡಿದು ಮುಗಿಸಿದ್ದ.

ಏಳನೆಯದು ಬೇರೆ ಇತ್ತು. ಪ್ರತಿಯೊಬ್ಬ ಕೆಲಸಗಾರನಿಗೂ ಒಬ್ಬ ಜೊತೆಗಾರ ಇರಬೇಕು. ಅಪಾಯದ ಸುದ್ದಿ ಆ ಜೊತೆಗಾರನ ಮೊಬೈಲಿಗೇ ಹೋಗುತ್ತದೆ. ಕೆಲಸದ ವೇಳೆಯಲ್ಲೆಲ್ಲ ಎದೆಬಡಿತವೂ ಇರುವ ಜಾಗವೂ ಅವನಿಗೆ ಕಾಣುತ್ತಿರುತ್ತದೆ. ಆ ಜೊತೆಗಾರ ಅದೇ ಪಾಳಿಯ ಸಹೋದ್ಯೋಗಿಯೇ ಆಗಿರತಕ್ಕದ್ದು.

ಪ್ರಭುವಿನ ಹೆಂಡತಿ ಸುಚಿತ್ರಾ ಆ ಗುಡ್ಡದಲ್ಲಿ ಫ್ಯಾನು ಹತ್ತುತ್ತಿದ್ದ ಒಬ್ಬಳೇ ಹೆಂಗಸು. ಐಟಿಐ ಓದಿ, ಎರಡು ವರ್ಷದಿಂದ ಅಲ್ಲಿದ್ದಳು. ಅವಳ ಪಾಳಿಯ ಜೋಡಿ ಹೊಳಲ್ಕೆರೆಯ ನಿರಂಜನ್.

ಹೋದ ಬೇಸಿಗೆಯಲ್ಲಿ ಅವಳು ಮರೆತುಹೋದ ಊಟದ ಡಬ್ಬಿ ಕೊಡಲು ಪ್ರಭು ಗುಡ್ಡಕ್ಕೆ ಹೋಗಿದ್ದ. ಫ್ಯಾನಿನ ಕಂಬದ ಬುಡದಲ್ಲಿ ಸುಚಿತ್ರಾ ಕೈ ಎರಡನ್ನೂ ಅಗಲಿಸಿ ನಿಂತಿದ್ದಳು. ನಿರಂಜನ್ ಅವಳ ಬೆನ್ನ ಹಿಂದೆ ಬಗ್ಗಿ, ಸುರಕ್ಷತಾ ಬೆಲ್ಟಿನ ಭುಜದ ಪಟ್ಟಿ ಎಳೆದು, ಸೊಂಟದ ಕೊಂಡಿ ಅಲ್ಲಾಡಿಸಿ, "ಹ್ಞೂ, ಸರಿ ಐತೆ" ಅಂದ. ಆಮೇಲೆ ಅವನು ಕೈ ಅಗಲಿಸಿದ, ಅವಳು ಅವನ ಪಟ್ಟಿ ಎಳೆದು ನೋಡಿದಳು. ಹತ್ತುವ ಮುಂಚೆ ಒಬ್ಬರದನ್ನೊಬ್ಬರು ಪರೀಕ್ಷಿಸಲೇಬೇಕು, ಅದು ನಿಯಮ. ಪ್ರಭುವಿಗೆ ಅದು ಗೊತ್ತಿತ್ತು. ಆದರೆ ನೆನಪಾದಾಗಲೆಲ್ಲ ಅವನ ಕಣ್ಣಿಗೆ ಬರುತ್ತಿದ್ದದ್ದು ನಿಯಮವಲ್ಲ, ಅವಳು ಕಣ್ಣು ಮುಚ್ಚಿಕೊಂಡು ನಿರಾಳವಾಗಿ ನಿಂತಿದ್ದ ರೀತಿ. ತನ್ನೆದುರು ಅವಳು ಹಾಗೆ ನಿಂತದ್ದು ಅವನಿಗೆ ಜ್ಞಾಪಕವಿರಲಿಲ್ಲ.

ಈಗ ಎದೆಬಡಿತವೂ ನಿರಂಜನನ ಪಾಲಿಗೆ!

ಇಂಗ್ಲಿಷಿನಲ್ಲಿ ಬರೆದವನಿಗೆ ಮದುವೆಯಾಗಿರಲಿಕ್ಕಿಲ್ಲ ಎಂದುಕೊಂಡ ಪ್ರಭು. ಹೆಂಡತಿಯ ಎದೆಬಡಿತ ಗಂಡ ನೋಡದೆ ಇನ್ಯಾರು ನೋಡಬೇಕು? ಅವನು ಟೈಪು ಮಾಡಿದ: 'ಸದರಿ ಜೊತೆಗಾರರು ಕೆಲಸಗಾರರ ಪತಿ, ಪತ್ನಿ ಅಥವಾ ಕುಟುಂಬದ ಸದಸ್ಯರೇ ಆಗಿರತಕ್ಕದ್ದು.' ಎಂಟನೆಯದಕ್ಕೆ ಹೋದ.

ಪ್ರಿಂಟು ಕೈಗೆ ಬಂದಾಗ ಮೂರ್ತಪ್ಪ ಕಂಪನಿಯ ಹೆಸರಿನ ಮೇಲೆ ಬೆರಳಾಡಿಸಿದ. ಮೊಹರಿಗೆ ಜಾಗ ಬಿಟ್ಟಿದೆಯೇ ನೋಡಿದ. "ನೀನು ಮಾಡಿದ್ಮ್ಯಾಲೆ ಓದೋದೇನೈತಪ್ಪ" ಎಂದು ಮಡಚಿ ಚೀಲಕ್ಕೆ ಹಾಕಿಕೊಂಡ.

ಮುಂದಿನ ವಾರ ಸುಚಿತ್ರಾ ಮನೆಗೆ ಬರುವಾಗ ಕೈಯಲ್ಲಿ ಕಪ್ಪು ಗಡಿಯಾರವಿತ್ತು. ಬಳೆಗಳನ್ನು ಇನ್ನೊಂದು ಕೈಗೆ ಏರಿಸಿಕೊಂಡಿದ್ದಳು.

"ಜೊತೆಗಾರರು ಯಾರು ಅಂತ ಕೇಳಿದ್ರು. ನಿಮ್ಮ ಹೆಸರು ಕೊಟ್ಟೆ ಕಣ್ರಿ" ಅಂದಳು. "ಕಂಪ್ನಿಯೋರಿಗೆ ಈಗ ಬುದ್ಧಿ ಬಂದೈತೆ ನೋಡ್ರಿ, ಮನೆಯೋರ್ನ ಸೇರ್ಸ್ಯಾರೆ."

ಆ ಖುಷಿ ಅವಳ ಮುಖದಲ್ಲಿ ನಿಜವಾಗಿಯೂ ಇತ್ತು. ಪ್ರಭು ಫೋನ್ ಕೊಟ್ಟ. ಅವಳೇ ಅದರಲ್ಲಿ ಏನೋ ಒತ್ತಿ ಜೋಡಿಸಿದಳು. ಪರದೆಯ ಮೇಲೊಂದು ಸಣ್ಣ ಕೆಂಪು ಹೃದಯ, ಪಕ್ಕದಲ್ಲಿ ಎಪ್ಪತ್ತಾರು.

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಪ್ರಭುವಿನ ತಾಯಿ ತಿಪ್ಪಮ್ಮ ಕತ್ತೆತ್ತಿ ನೋಡಿದಳು. "ಏನಲೇ ಅದು?"

"ಸುಚಿ ಎದೆ ಬಡ್ಕೊಳ್ಳೋದು ಕಾಣ್ತತೆ ಕಣವ್ವ."

"ನಿಮ್ಮಪ್ಪ ನಲವತ್ತು ವರ್ಷ ನನ್ ಜೊತೆ ಬಾಳಿದ. ನನ್ ತಲೆನೋವು ಕೂಡ ಅವನಿಗೆ ಕಾಣ್ಲಿಲ್ಲ. ನಿಂಗೆ ಎದೆ ಕಾಣ್ತತಾ?" ಸುಚಿತ್ರಾ ಗೊಳ್ಳೆಂದು ನಕ್ಕಳು. ಎಪ್ಪತ್ತಾರು ತೊಂಬತ್ತಾಯಿತು.

ಮೊದಲ ಕೆಲವು ದಿನ ಪ್ರಭುವಿಗೆ ಹಬ್ಬ. ಅಂಗಡಿಯಲ್ಲಿ ಫೋನನ್ನು ಮಾನಿಟರಿಗೆ ಒರಗಿಸಿ ಇಡುತ್ತಿದ್ದ. ಅಫಿಡವಿಟ್ಟಿನ ನಡುವೆ ಕಣ್ಣು ಅತ್ತ ಹೊರಳುತ್ತಿತ್ತು. ಅವಳು ಏಣಿ ಹತ್ತುವಾಗ ಅಂಕಿಯೂ ಹತ್ತುತ್ತಿತ್ತು: ನೂರು, ನೂರಿಪ್ಪತ್ತು, ನೂರ ನಲವತ್ತು. ಇವನ ಟೈಪು ನಿಧಾನವಾಗುತ್ತಿತ್ತು. ಆದರೆ ಏಣಿಯ ಲೆಕ್ಕ ಅಭ್ಯಾಸವಾದ ಮೇಲೆ ಅವನಿಗೆ ಉಳಿದ ಹೊತ್ತಿನ ಅಂಕಿಗಳು ಕಾಡತೊಡಗಿದವು. ಊಟದ ಹೊತ್ತಿನಲ್ಲಿ ಎಂಬತ್ತೆಂಟು ಯಾಕೆ? ಕೂತು ಉಣ್ಣುವವಳಿಗೆ ಎಂಬತ್ತೆಂಟು ಆಗುತ್ತದೆಯೇ? ನಗುವಾಗ ತೊಂಬತ್ತಾಗುತ್ತದೆಂಬುದನ್ನು ಅವನು ಕಣ್ಣಾರೆ ನೋಡಿದ್ದ. ಹಾಗಾದರೆ ನಗಿಸುತ್ತಿರುವವರು ಯಾರು?

"ಇವತ್ತು ಮಧ್ಯಾಹ್ನ ಏನ್ ಊಟ ಮಾಡ್ದೆ?" ಎಂದು ಒಂದು ಸಂಜೆ ಕೇಳಿದ.

"ನೀವೇ ಕಟ್ಟಿದ್ರಲ್ಲ, ಚಿತ್ರಾನ್ನ."

"ಚಿತ್ರಾನ್ನ ತಿನ್ನೋಕೆ ಎದೆ ಅಷ್ಟು ಬಡ್ಕೊಂತತಾ?"

ಸುಚಿತ್ರಾ ಬೂಟು ಬಿಚ್ಚುತ್ತಿದ್ದವಳು ತಲೆಯೆತ್ತಿದಳು. "ನಿರಂಜನ್ ಅವನ ಮಗಳ ಸುದ್ದಿ ಹೇಳ್ತಿದ್ದ. ಇಸ್ಕೂಲಲ್ಲಿ ಟೀಚರಿಗೇ 'ಹೋಂವರ್ಕ್ ತೋರ್ಸಿ' ಅಂದ್ಲಂತೆ. ನಕ್ಕೆ. ನಗಬಾರ್ದಾ?"

"ನಗು. ಬ್ಯಾಡ ಅಂದೋರ್ಯಾರು?"

"ಮತ್ತೆ ಕೇಳಿದ್ದು ಯಾಕೆ?"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಮರುದಿನ ಊಟದ ಹೊತ್ತಿನಲ್ಲಿ ಅಂಕಿ ಎಪ್ಪತ್ತು ದಾಟಲಿಲ್ಲ. ಅದರ ಮರುದಿನವೂ ಅಷ್ಟೆ. ಅವಳು ನಗುವುದನ್ನು ಬಿಟ್ಟಳೇ ಅಥವಾ ನಿರಂಜನನನ್ನು ಬಿಟ್ಟು ಬೇರೆ ಕಡೆ ಕೂತಳೇ ಎಂಬುದು ತಿಳಿಯಲಿಲ್ಲ, ಗೆದ್ದಂತೆಯೂ ಅನ್ನಿಸಲಿಲ್ಲ. ನಗುವನ್ನೇ ತನ್ನಿಂದ ಮುಚ್ಚಿಡಲು ಅವಳು ಕಲಿತಿರಬೇಕು ಎಂದು ಹೊಸದೊಂದು ಹುಳ ಕೊರೆಯತೊಡಗಿತು.

ಆ ಶುಕ್ರವಾರ ಅವನು ಒಂದು ದತ್ತುಪತ್ರದ ಕರಡು ಮಾಡುತ್ತಿದ್ದ. ಅಂಕಿ ಎಪ್ಪತ್ತೆರಡಿತ್ತು. ಕಣ್ಣು ತೆಗೆದು ಮತ್ತೆ ನೋಡುವಷ್ಟರಲ್ಲಿ ನೂರ ಅರವತ್ತು. ಏಣಿಯಲ್ಲಿ ಅದು ಎಂದೂ ಅಷ್ಟಕ್ಕೆ ಹೋದದ್ದಿಲ್ಲ. ನಕ್ಷೆಯಲ್ಲಿ ಅವಳ ಚುಕ್ಕೆ ತನ್ನ ಫ್ಯಾನು ಬಿಟ್ಟು ದಾರಿಗುಂಟ ಸರಿಯಿತು, ಪಕ್ಕದ ದಿಬ್ಬದ ಮೇಲಿನ ಇನ್ನೊಂದು ಫ್ಯಾನಿನ ಬುಡಕ್ಕೆ ಹೋಗಿ ನಿಂತಿತು. ಅಲ್ಲೇ ಉಳಿಯಿತು. ಅಂಕಿ ಇಳಿಯಲಿಲ್ಲ.

ಅವನು ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಕಂಬದ ಬುಡದಲ್ಲಿ ಕಬ್ಬಿಣದ ಬಾಗಿಲಿರುವುದು ಅವನಿಗೆ ಗೊತ್ತಿತ್ತು. ಒಳಗೆ ಕೋಣೆಯಷ್ಟು ಜಾಗವಿರುವುದೂ ಗೊತ್ತಿತ್ತು. ಚುಕ್ಕೆ ಅಲ್ಲಾಡಲಿಲ್ಲ. ನೂರ ಐವತ್ತೈದು. ನಿರಂಜನನ ನಂಬರು ಸುಚಿತ್ರಾ ಎಷ್ಟೋ ಸಲ ಕೊಡಲು ಬಂದಿದ್ದಳು. 'ನಂಗ್ಯಾಕೆ ಅದು' ಎಂದು ಇವನೇ ಉಳಿಸಿಕೊಂಡಿರಲಿಲ್ಲ.

ದತ್ತುಪತ್ರದವರನ್ನು ಹಾಗೇ ಕೂರಿಸಿ, ಷಟರು ಅರ್ಧ ಎಳೆದು ಬೈಕ್ ಹತ್ತಿದ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಬಾಗಿಲು ಬಡಿದಾಗ ಅವಳ ಮುಖ ಹೇಗಿರುತ್ತದೆ, ಅವನದು ಹೇಗಿರುತ್ತದೆ, ಎರಡನ್ನೂ ಸ್ಪಷ್ಟವಾಗಿ ಕಂಡ.

ಗುಡ್ಡದ ಮಣ್ಣುದಾರಿಯ ತಿರುವಿನಲ್ಲಿ ಕಂಪನಿಯ ಜೀಪು ಎದುರಾಯಿತು. ಪ್ರಭು ಬೈಕನ್ನು ಅಂಚಿಗೆ ಸರಿಸಿದ. ಹಿಂದಿನ ಸೀಟಿನಲ್ಲಿ ಸುಚಿತ್ರಾ ಕೂತಿದ್ದಳು. ನಿರಂಜನನ ತಲೆ ಅವಳ ತೊಡೆಯ ಮೇಲಿತ್ತು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೊಣಕಾಲಿನ ಕೆಳಗೆ ಕಟ್ಟಿದ್ದ ಅವಳ ವೇಲು ನೆನೆದು ಕಪ್ಪಾಗಿತ್ತು. ಅವಳ ಒಂದು ಕೈ ಅವನ ಹಣೆಯ ಮೇಲಿತ್ತು, ಗಡಿಯಾರವಿದ್ದ ಕೈ.

"ನೀವು ಹೆಂಗ್ ಬಂದ್ರಿ?" ಅಂದಳು. ಜೀಪು ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲವೂ ತಿಳಿಯಿತು. ಪಕ್ಕದ ಫ್ಯಾನು ನಿಂತಿತ್ತೆಂದು ನಿರಂಜನ್ ಅದನ್ನು ಚಾಲೂ ಮಾಡಲು ಒಬ್ಬನೇ ಹೋಗಿದ್ದ. ಕೆಳಗಿನ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಕೆಲಸ ಆಗದಿದ್ದಕ್ಕೆ ಒಳಗಿನ ಏಣಿ ಹತ್ತಿದ್ದ, ಜಾರಿ ಸಿಮೆಂಟು ನೆಲಕ್ಕೆ ಬಿದ್ದಿದ್ದ. ಅವನ ಫೋನು ಹೊರಗೆ ಗಾಡಿಯ ಚೀಲದಲ್ಲಿತ್ತು. ಬಿದ್ದ ಕೂಡಲೇ ಗಡಿಯಾರವೇನೋ ಸುದ್ದಿ ಕಳಿಸಿತು. ಅದು ಹೋದದ್ದು ಹೊಳಲ್ಕೆರೆಗೆ, ಅವನ ಹೆಂಡತಿ ಅನುಷಾಳ ಫೋನಿಗೆ. ಒಂದು ಕೂಗಿನಳತೆಯಲ್ಲಿ ಪಕ್ಕದ ದಿಬ್ಬದಲ್ಲೇ ಇದ್ದ ಸುಚಿತ್ರಾಳಿಗೆ ಏನೂ ಬರಲಿಲ್ಲ. ಊಟಕ್ಕೆ ಕರೆದರೂ ಅವನು ಫೋನ್ ಎತ್ತದೆ ಹೋದಾಗ ಅವಳು ಓಡಿದ್ದಳು. ಅಷ್ಟರಲ್ಲಿ ಅವನು ಬಿದ್ದು ಗಂಟೆಯ ಮೇಲಾಗಿತ್ತು.

ಅನುಷಾ ಬಸ್ಸಿಳಿದು ಓಡಿ ಬಂದಳು. ಫೋನನ್ನು ಎಲ್ಲರಿಗೂ ತೋರಿಸುತ್ತಿದ್ದಳು. "ಚಾರ್ಜಿಗೆ ಹಾಕಿ ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ ಕಣಕ್ಕ. ನೋಡೋದ್ರೊಳಗೆ ಹೊತ್ತಾಗಿತ್ತು. ಹೊಳಲ್ಕೆರೇಲಿ ಕುಂತಿರೋ ನಂಗ್ಯಾಕೆ ಕಳಿಸ್ತಾರೆ ಅದನ್ನ? ನಾನೇನ್ ಮಾಡ್ಲಿ ಅಲ್ಲಿಂದ?" ಸುಚಿತ್ರಾ ಅವಳನ್ನು ತಬ್ಬಿ ಕೂರಿಸಿದಳು. ಕಾಲು ಉಳಿಯುತ್ತದೆ, ಆದರೆ ಇನ್ನು ಏಣಿ ಹತ್ತುವ ಕೆಲಸ ಆಗದು, ಬೇಗ ತಂದಿದ್ದರೆ ಮಾತು ಬೇರೆ ಇತ್ತು ಎಂದು ಡಾಕ್ಟರು ಹೇಳಿದಾಗ ಪ್ರಭು ಗೋಡೆಗೆ ಒರಗಿ ನಿಂತಿದ್ದ. ಅವನ ಜೇಬಿನಲ್ಲಿ ಫೋನು ಬೆಚ್ಚಗಿತ್ತು.

ಸೋಮವಾರ ಬೆಳಿಗ್ಗೆ ಮೂರ್ತಪ್ಪ ಎರಡು ಪ್ರತಿ ಹಿಡಿದುಕೊಂಡು ಅಂಗಡಿಗೆ ಬಂದ. ಹೊಸ ಕರಾರಿಗೆ ಸಹಿ ಹಾಕಬೇಕೆಂದು ಸುಚಿತ್ರಾಳನ್ನೂ ಕರೆತಂದಿದ್ದ. ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಈ ಅಂಗಡಿಯಲ್ಲಿ ಅವಳು ಅಲ್ಲಿ ಕೂತದ್ದು ಇದೇ ಮೊದಲು.

"ಇಂಗ್ಲಿಷ್‌ನಾಗೆ ಒಂದೈತೆ, ಕನ್ನಡದಾಗೆ ಒಂದೈತೆ" ಎಂದ ಮೂರ್ತಪ್ಪ. ಅವನ ದನಿ ತಗ್ಗಿತ್ತು. "ನಾನೂ ಓದ್ಲಿಲ್ಲ, ನಂದೂ ತಪ್ಪೇ. ಮ್ಯಾಲಿನೋರಿಗೆ ಟೈಪಿಂಗ್ ಮಿಸ್ಟೇಕು ಅಂತ ಹೇಳೀನಿ. ಏಳನೇದು ಒಂದು ಸರಿ ಮಾಡಿ ಕೊಡಪ್ಪ, ಮುಗೀಲಿ."

ಪ್ರಭು ಫೈಲು ತೆರೆದ.

"ಇವ್ರು ಟೈಪಿಂಗ್ ಮಿಸ್ಟೇಕು ಮಾಡಲ್ಲ ಸಾರ್" ಅಂದಳು ಸುಚಿತ್ರಾ.

ಮೂರ್ತಪ್ಪ ಅವಳನ್ನು ನೋಡಿದ, ಇವನನ್ನು ನೋಡಿದ. ಆಮೇಲೆ ಚಾ ಹೇಳಿ ಬರುತ್ತೇನೆಂದು ಎದ್ದು ಹೊರಗೆ ಹೋದ.

ಪ್ರಭು ಸಾಲು ಅಳಿಸಿದ. ಹೊಸ ಸಾಲು ಬಡಿದ. ಪ್ರಿಂಟರು ಕರಕರ ಸದ್ದು ಮಾಡುತ್ತ ಹಾಳೆ ಹೊರಹಾಕಿತು. ಸುಚಿತ್ರಾ ಅದನ್ನು ತೆಗೆದುಕೊಂಡು ಮೊದಲನೆಯ ಷರತ್ತಿನಿಂದ ಓದತೊಡಗಿದಳು. ಒಂದೊಂದೇ ಸಾಲು, ತುಟಿ ಅಲ್ಲಾಡಿಸುತ್ತ, ಅವನೆದುರಿಗೇ. ಹೊರಗೆ ಯಾರೋ ಬಂದು ಬಗ್ಗಿ ನೋಡಿ ಹೋದರು. ಅವಳು ಕೊನೆಯವರೆಗೂ ಓದಿದಳು. ಸಹಿ ಹಾಕಿದಳು.

"ಜೊತೆಗಾರ ಯಾರು ಈಗ?" ಎಂದು ಪ್ರಭು ಕೇಳಿದ. ಕೇಳಬಾರದಿತ್ತೆಂದು ಕೇಳಿದ ಮೇಲೆ ಅನ್ನಿಸಿತು.

"ಯಾರ್ನಾದ್ರೂ ಹಾಕ್ತಾರೆ."

ಅವಳು ಮಾನಿಟರಿಗೆ ಒರಗಿಸಿದ್ದ ಅವನ ಫೋನನ್ನು ಎತ್ತಿಕೊಂಡಳು. ಎರಡು ಕಡೆ ಒತ್ತಿದಳು, ಮತ್ತೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಇಟ್ಟಳು. ಕೆಂಪು ಹೃದಯ ಬೂದುಬಣ್ಣಕ್ಕೆ ತಿರುಗಿತ್ತು. ಅಂಕಿ ಇದ್ದಲ್ಲಿ ಎರಡು ಸಣ್ಣ ಅಡ್ಡಗೆರೆಗಳಿದ್ದವು.

ಚಾ ಬಂತು. ಸುಚಿತ್ರಾ ಲೋಟ ಹಿಡಿದು ಬೀದಿಯ ಕಡೆ ನೋಡುತ್ತ ಕೂತಳು. ಮೇಜಿನ ಮೇಲಿದ್ದ ಅವಳ ಇನ್ನೊಂದು ಕೈಯ ಗಡಿಯಾರದ ಅಡಿಯಲ್ಲಿ, ಅವನ ಬೆರಳಿನಿಂದ ಒಂದು ಗೇಣು ದೂರದಲ್ಲಿ, ಎದೆಬಡಿತ ಎಣಿಸುವ ಹಸಿರು ದೀಪ ಮಿಣುಕುತ್ತಿತ್ತು. ಪ್ರಭು ಆ ಎರಡು ಗೆರೆಗಳನ್ನು ನೋಡಿದ, ಅವಳ ಮಣಿಕಟ್ಟನ್ನು ನೋಡಿದ, ಮತ್ತೆ ಗೆರೆಗಳನ್ನು ನೋಡಿದ.